ಆ ಹುಡುಗಗ ಏನಾತು?

ಧಾರವಾಡ, 9 ಜುಲೈ 2025, ಬುಧವಾರ

ನಮ್ಮ ಓದುವ ಗುಂಪಿನಲ್ಲಿ ಈ ಸಲ ಜಗಳ ಜೋರಾಗಿದೆ. ಕಾರಣ ಜಾರ್ಜೆಟ್ ಹೇಯರ್. 'ದೀಸ್ ಓಲ್ಡ್ ಶೇಡ್ಸ್' ಅಂತ ಆಕೆಯ ಹಳೇ ಕಾದಂಬರಿ, 1926ರದ್ದು. ಓದೋಣ ಅಂದವರು ಮೇಲಿನ ಮನೆ ಟೀಚರ್, ಮತ್ತ್ಯಾರು? ಆಗಾಗ ಒಂದು ಇಂಗ್ಲಿಷ್ ಪುಸ್ತಕ ಓದದಿದ್ದರೆ ನಾಲಿಗೆ ತುಕ್ಕು ಹಿಡಿಯುತ್ತದೆ ಅನ್ನುವುದು ಅವರ ಹಳೇ ಹಾಡು. ಇರಲಿ. ಹೇಯರ್ ಇದನ್ನು ಬರೆದಾಗ ಇನ್ನೂ ಇಪ್ಪತ್ತನಾಲ್ಕು ದಾಟಿರಲಿಲ್ಲ. ಅದೊಂದೇ ವಿಷಯಕ್ಕೆ ನನಗೆ ಅರ್ಧ ಹೊಟ್ಟೆಕಿಚ್ಚು.

ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹದಿನೆಂಟನೇ ಶತಮಾನದ ಪ್ಯಾರಿಸ್. ರಾತ್ರಿ ಹೊತ್ತು ಗಲ್ಲಿಯಲ್ಲಿ ಓಡಿ ಬಂದ ಒಬ್ಬ ಕೆಂಪುಗೂದಲ ಹುಡುಗ, ಏವನ್ ಅನ್ನುವ ಇಂಗ್ಲಿಷ್ ಡ್ಯೂಕನಿಗೆ ಡಿಕ್ಕಿ ಹೊಡೆಯುತ್ತಾನೆ. ಡ್ಯೂಕ್ ಒಂದು ಒಡವೆ ಕೊಟ್ಟು ಆ ಹುಡುಗನನ್ನು, ಹೋಟೆಲು ನಡೆಸುವ ಅವನ ಅಣ್ಣನ ಕೈಯಿಂದ ಕೊಂಡುಕೊಳ್ಳುತ್ತಾನೆ. ಹೌದು, ಸಂತೆಯಲ್ಲಿ ಕುರಿ ಕೊಂಡ ಹಾಗೆ. ಮನೆಯಲ್ಲಿ ಕೈಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ. ಹುಡುಗ ಲಿಯೋನ್ ನಿಜವಾಗಿ ಲಿಯೋನಿ, ಹುಡುಗಿ. ಇದು ಡ್ಯೂಕನಿಗೆ ಮೊದಲಿನಿಂದಲೇ ಗೊತ್ತು. ಬಾಯಿ ಬಿಡುವುದಿಲ್ಲ. ಯಾಕೆಂದರೆ ಆ ಕೆಂಪುಗೂದಲು, ಆ ಮುಖ, ಅವನ ವೈರಿಯಾದ ಒಬ್ಬ ಫ್ರೆಂಚ್ ಕೌಂಟನದೇ. ಸೇಡಿಗೆ ಒಳ್ಳೆಯ ದಾಳ ಸಿಕ್ಕಿತು ಅನ್ನುವ ಲೆಕ್ಕ.

ಹುಬ್ಬಳ್ಳಿ ವೈನಿ ಫೋನಿನಲ್ಲಿ, "ಆ ಡ್ಯೂಕ್ ಮಾತಾಡೂದು ಓದಿದ್ರ ನನಗ ಇವರ ಮಾತು ಸಪ್ಪಗನಸ್ತಾವ ನೋಡು" ಅಂದರು. ಹಿಂದಿನಿಂದ ನಮ್ಮಣ್ಣ ಏನೋ ಗೊಣಗಿದ್ದು ಕೇಳಿಸಿತು. ವೈನಿಗೆ ಡ್ಯೂಕನಲ್ಲಿ ತಪ್ಪೇ ಕಾಣುವುದಿಲ್ಲ. ಕೊನೆಗೆ ಅವನು ಮದುವೆ ಆಗುವ ಲಿಯೋನಿಗಿಂತ ವಯಸ್ಸು ಇಪ್ಪತ್ತು ವರ್ಷ ಜಾಸ್ತಿ ಅಲ್ವಾ ಅಂದರೆ, "ನಮ್ಮಜ್ಜ ಅಜ್ಜಿದು ಎಷ್ಟಿತ್ತು?" ಅಂತ ತಿರುಗಿ ಕೇಳುತ್ತಾರೆ.

ನನ್ನ ಜೊತೆ ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಹುಡುಗಿಯದು ಪೂರ್ತಿ ಉಲ್ಟಾ. ಚಿಗರಿ ಬಸ್ಸಿನಲ್ಲಿ ಉಣಕಲ್ ದಾಟುವವರೆಗೂ ಬೈದಳು. "ಗೊತ್ತಿದ್ದೂ ಸುಮ್ನಿದ್ದ ಅಂದ್ರ ಏನರ್ಥರೀ ಮೇಡಂ? ಆಕಿ ಸಿಕ್ಕಿಬಿದ್ರ ಏನ್ ಗತಿ ಅಂತ ದಿನಾ ಅಂಜ್ಕೊಂಡು ಸಾಯಾಕತ್ತಿದ್ಲು. ಈತ ಮಜಾ ತಗೋತಿದ್ದ." ಈ ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ಸಾವಿರ ಸಲ ಸರಿ. ಆದರೂ ಅವಳು ಪುಸ್ತಕವನ್ನು ಎರಡೇ ರಾತ್ರಿಯಲ್ಲಿ ಮುಗಿಸಿದಳು ಅನ್ನುವುದನ್ನೂ ಇಲ್ಲಿ ಬರೆದಿಡುತ್ತೇನೆ. ಓದುತ್ತಾಳೆ ಅವಳು ಈ ಬ್ಲಾಗು.

ಇನ್ನು 'ಇಷ್ಟು ದಿನ ಯಾರಿಗೂ ಗುರುತು ಸಿಗಲಿಲ್ಲವಾ' ಅನ್ನುವ ಗುಂಪು. ಇವರ ಕಾಟ ಬೇಡ. ನಮ್ಮವರಿಗೆ ಇದು ಅನುಮಾನ ಆಗಬಾರದು ನೋಡಿ. ಹೆಂಗಸರು ರಂಗದ ಮೇಲೆ ಬರಬಾರದು ಅಂತಿದ್ದ ಕಾಲದಲ್ಲಿ ಗಂಡಸರೇ ಸೀರೆ ಉಟ್ಟು ಬಂದರೆ ಜನ ಕಣ್ಣೀರು ಹಾಕುತ್ತಿದ್ದರು. ಮರಾಠಿ ರಂಗದ ಬಾಲಗಂಧರ್ವರ ಸೀರೆ, ಒಡವೆ, ನಡಿಗೆ ನೋಡಿ ಹೆಂಗಸರು ಕಲಿತರಂತೆ. ಇಷ್ಟಾದರೂ ಒಪ್ಪದವರಿಗೆ ಹ್ಯಾನಾ ಸ್ನೆಲ್ ಇದ್ದಾಳೆ. ಅವಳದು ಕಾದಂಬರಿ ಅಲ್ಲ. ಇಂಗ್ಲೆಂಡಿನ ಹೆಂಗಸು, ಜೇಮ್ಸ್ ಗ್ರೇ ಅಂತ ಹೆಸರಿಟ್ಟುಕೊಂಡು ಹಡಗಿನ ಸೈನಿಕಳಾಗಿ ನಮ್ಮ ದೇಶಕ್ಕೇ ಬಂದಳು. 1748ರಲ್ಲಿ ಪಾಂಡಿಚೇರಿ ಮುತ್ತಿಗೆಯಲ್ಲಿ ಗಾಯಗೊಂಡಳು. ಗುಟ್ಟು ಬಿಡಲಿಲ್ಲ. 1750ರಲ್ಲಿ ಊರಿಗೆ ಮರಳಿದ ಮೇಲೆ ತಾನೇ ಹೇಳಿಕೊಂಡಳು. ಸರ್ಕಾರ ಪೆನ್ಷನ್ನೂ ಕೊಟ್ಟಿತು! ಲಿಯೋನಿಯ ಕಾಲವೂ ಹೆಚ್ಚೂಕಡಿಮೆ ಅದೇ. ಒಬ್ಬಳು ಪಾಂಡಿಚೇರಿಯಲ್ಲಿ ಗುಂಡು ತಿಂದಳು, ಇನ್ನೊಬ್ಬಳು ವರ್ಸೇಲ್ಸಿನಲ್ಲಿ ಡ್ಯೂಕನ ಹಿಂದೆ ನಿಂತಳು.

ಇಷ್ಟು ಬರೆಯಲು ಕೂತದ್ದಲ್ಲ ನಾನು. ದೊಡ್ಡವ್ವನ ವಿಷಯಕ್ಕೆ ಬರುತ್ತೇನೆ.

ಆಷಾಢದ ಜಿಟಿಜಿಟಿ ಮಳೆ ನಿಂತೇ ಇಲ್ಲ. ಒಗೆದ ಬಟ್ಟೆ ಯಾವುದೂ ಒಣಗಿಲ್ಲ, ಮನೆ ತುಂಬಾ ಹಗ್ಗ. ದೊಡ್ಡವ್ವ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ರೊಟ್ಟಿ ಮಾಡಲು ಬಂದರು. ಅವರು ಬಡಿಯುವಾಗ ನಾನು ಕಟ್ಟೆಗೆ ಒರಗಿ ನಿಂತು ಕಥೆ ಹೇಳುವುದು ರೂಢಿ. ಮೊದಲು ಸೀರಿಯಲ್ ಕಥೆ ಅವರು ನನಗೆ ಹೇಳುತ್ತಿದ್ದರು. ಈಗ ನಾನು ಲಿಯೋನಿಯ ಕಥೆ ಹೇಳುತ್ತೇನೆ. ಗಂಡು ವೇಷದ ಭಾಗ ಅವರಿಗೆ ಬಹಳ ಸೇರಿತ್ತು. "ಚಲೋ ಮಾಡ್ಯಾಳ. ಹೋಟ್ಲದಾಗ ಹುಡುಗಿ ಅಂತ ಇದ್ದಿದ್ರ ಬಿಡ್ತಿದ್ರ?" ಅಂದಿದ್ದರು.

ಇವತ್ತು ಗುಟ್ಟು ಬಯಲಾಗುವ ಭಾಗ. ಆ ಕೌಂಟನಿಗೆ ತಮ್ಮನ ಮೇಲೆ ಹೊಟ್ಟೆಯುರಿ. ಗಂಡು ಹುಟ್ಟದಿದ್ದರೆ ಆಸ್ತಿ ತಮ್ಮನಿಗೆ ಹೋಗುತ್ತದೆ. ಹುಟ್ಟಿದ್ದು ಹೆಣ್ಣು. ಸರಿ, ಒಬ್ಬ ಬಡ ರೈತನಿಗೆ ದುಡ್ಡು ಕೊಟ್ಟು ಅವನ ಗಂಡು ಕೂಸನ್ನು ತಾನಿಟ್ಟುಕೊಂಡು, ತನ್ನ ಹೆಣ್ಣು ಕೂಸನ್ನು ಅವನಿಗೆ ಕೊಟ್ಟುಬಿಟ್ಟ. ಆ ಹೆಣ್ಣು ಕೂಸೇ ಲಿಯೋನಿ. ನಾನು ಬಹಳ ಹುರುಪಿನಿಂದ ಹೇಳಿದೆ. ದೊಡ್ಡವ್ವ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವಿ ಹಾಕಿದರು. ನಾನು ಅಯ್ಯೋ ಅಂತಾರೆ, ಭಲೇ ಅಂತಾರೆ ಅಂತ ಕಾದೆ.

"ಆ ಹುಡುಗಗ ಏನಾತು?" ಅಂದರು.

"ಯಾವ ಹುಡುಗ?"

"ಬದಲ ಮಾಡಿದ್ರಲ್ಲ ತಂಗೆವ್ವ, ರೈತನ ಮಗ."

"ಅಂವ ದೊಡ್ಡ ಮನ್ಯಾಗ ಬೆಳದ ದೊಡ್ಡವ್ವ. ಆದ್ರ ಆ ಮಂದೀ ರೀತಿ ರಿವಾಜು ಒಂದೂ ಅವಗ ಹತ್ತಲಿಲ್ಲ. ಒಡ್ಡ ಅಂತ ಎಲ್ಲಾರೂ ನಗ್ತಿದ್ರು. ಹೊಲಾ ಮಾಡ್ಕೊಂಡು ಇರಬೇಕಂತ ಅವನ ಆಸೆ."

"ಯಾಕ ಹಂಗ?"

"ರೈತರ ಹೊಟ್ಟ್ಯಾಗ ಹುಟ್ಟ್ಯಾನಲ್ಲ. ರಕ್ತ ಬಿಡೂದಿಲ್ಲ ಅಂತ ಬರದಾಳ."

ದೊಡ್ಡವ್ವನ ಕೈ ನಿಂತಿತು. ಹಿಟ್ಟು ಅರ್ಧ ಅಗಲವಾಗಿತ್ತು. ನನ್ನ ಮುಖ ನೋಡಿ ನಕ್ಕುಬಿಟ್ಟರು.

"ಹಂಗಾರ ನನ್ನ ಮಗನ್ನ ದವಾಖಾನ್ಯಾಗ ಯಾರೋ ಬದಲ ಮಾಡ್ಯಾರ ತಗೀ. ಮುತ್ತ್ಯಾನ ಮುತ್ತ್ಯಾನ ಕಾಲದಿಂದ ಒಕ್ಕಲತನ ನಮ್ದು. ಇವಗ ಸೆಗಣಿ ವಾಸನಿ ಆಗಿ ಬರೂದಿಲ್ಲ. ಬೆಂಗಳೂರಿಗೆ ಹೋಗಿ ಕಾರ್ ಹೊಡಿತೀನಿ ಅಂತ ಕುಂತಾನ."

ನಾನೂ ನಕ್ಕೆ. ಅವರು ಮತ್ತೆ ಬಡಿಯತೊಡಗಿದರು. ಒಂದು ರೊಟ್ಟಿ ಆದ ಮೇಲೆ, ನನಗಲ್ಲ, ಹಂಚಿಗೆ ಹೇಳಿದ ಹಾಗೆ ಅಂದರು: "ಅಂವ ಅರಮನ್ಯಾಗ ಇದ್ದ. ಒಂದು ದಿನಾ ಬಗ್ಗಿ ಕಸಾ ತಗದಾಂವಲ್ಲ. ಅದಕ್ಕ ಅವಗ ಹೊಲದ ಆಸೆ."

ಬ್ಯಾಂಕಿನಲ್ಲಿ ಇವತ್ತು ಏನು ಮಾಡಿದೆನೋ ದೇವರಿಗೇ ಗೊತ್ತು.

ಯಾಕೆಂದರೆ ಗುಂಪಿನವರೆಲ್ಲ ಇಷ್ಟು ದಿನ ಕಿತ್ತಾಡಿದ್ದು ಒಂದೇ ವೇಷದ ಬಗ್ಗೆ. ಪ್ಯಾಂಟು, ಲಂಗ. ಅವಳು ಹುಡುಗಿ ಅಂತ ಗೊತ್ತಾದ ಮೇಲೂ ಡ್ಯೂಕ್ ಮದುವೆ ಆಗಲಿಲ್ಲ ಅಲ್ವಾ? ಸಾಕುಮಗಳ ಹಾಗೆ ಇಟ್ಟುಕೊಂಡ. ನಡೆ ನುಡಿ ಕಲಿಸಿದ, ಕತ್ತಿವರಸೆಯನ್ನೂ ಕಲಿಸಿದ (ಆ ಭಾಗ ನನಗೆ ಬಹಳ ಇಷ್ಟ, ಸುಳ್ಳು ಯಾಕೆ ಹೇಳಲಿ). ಮದುವೆಯ ಮಾತು ಬಂದದ್ದು ಅವಳು ಹೋಟೆಲಿನವನ ತಂಗಿ ಅಲ್ಲ, ಕೌಂಟನ ಮಗಳು ಅಂತ ರುಜುವಾತಾದ ಮೇಲೆ. ಗಂಡು ವೇಷ ಕಳಚಿದರೆ ಸಾಲದು, ಬಡತನವೂ ವೇಷವೇ ಆಗಿರಬೇಕು, ಅದೂ ಕಳಚಬೇಕು. ಅವಳಿಗೆ ಅಷ್ಟು ಧೈರ್ಯ, ಅಷ್ಟು ಬಾಯಿ, ಅಷ್ಟು ಚುರುಕು ಎಲ್ಲಿಂದ ಬಂತು? ಗಲ್ಲಿಯಲ್ಲಿ ಒದೆ ತಿಂದು ಬಂತು ಅಂತ ನಾನು ಓದುತ್ತಾ ಹೋಗಿದ್ದೆ. ಪುಸ್ತಕ ಮಾತ್ರ ಅದನ್ನೆಲ್ಲ ರಕ್ತದ ಲೆಕ್ಕಕ್ಕೆ ಬರೆದುಕೊಂಡಿದೆ. ಆ ಹುಡುಗ ಒಡ್ಡ ಆಗಿದ್ದೂ ಅದೇ ಲೆಕ್ಕಕ್ಕೆ.

ಸಂಜೆ ಬಂದವಳೇ ಚಪ್ಪಲಿ ಬಿಡುವುದಕ್ಕೂ ಮೊದಲು ಮೇಲೆ ಹೋಗಿ ಟೀಚರ್ ಬಾಗಿಲು ಬಡಿದೆ. ಅವರು ಮಿರ್ಚಿ ಕರಿಯುತ್ತಿದ್ದರು. ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಜಾರಾ ಹಿಡಿದ ಕೈಯಲ್ಲೇ ಪಾಠ ಶುರು ಮಾಡಿದರು.

"ಹೇಯರ್‌ನ ಯಾಕ ಬೈತೀ? ನಮ್ಮ ಕರ್ಣ? ಬ್ರಾಹ್ಮಣ ಅಂತ ಸುಳ್ಳು ಹೇಳಿ ಪರಶುರಾಮರ ಹತ್ರ ವಿದ್ಯೆ ಕಲ್ತ. ಗುರು ತೊಡಿ ಮ್ಯಾಲ ಮಲಗಿದಾಗ ಹುಳಾ ಕೊರದ್ರೂ ಅಳ್ಳಾಡಲಿಲ್ಲ. ಇಷ್ಟು ತಡಕೊಳ್ಳಾಂವ ಬ್ರಾಹ್ಮಣ ಅಲ್ಲ, ಕ್ಷತ್ರಿಯ ಅಂತ ಹಿಡದ್ರು. ಅಲ್ಲೂ ರಕ್ತನ ಮಾತಾಡ್ತು. ವಿರಾಟಪರ್ವ ತಗೋ. ಸುದೇಷ್ಣೆ ದ್ರೌಪದಿನ್ನ ನೋಡಿದಾಕೇನ, ನೀ ದಾಸಿ ಅಲ್ಲ ಅಂತಾಳ. ಸೀರಿ ಮಾಸಿದ್ರೇನು, ರಾಣಿ ರಾಣೀನ."

ಹೌದು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದದ್ದನ್ನು ನಮ್ಮಪ್ಪ ಓದಿ ಹೇಳುತ್ತಿದ್ದಾಗ ಇದೇ ಸೈರಂಧ್ರಿ ಭಾಗಕ್ಕೆ ನಾನು ಕಿವಿ ನಿಮಿರಿಸುತ್ತಿದ್ದೆ. ಗುಟ್ಟು ನಮಗೆ ಗೊತ್ತು, ಕೀಚಕನಿಗೆ ಗೊತ್ತಿಲ್ಲ. ಆ ಮಜಾ ಯಾವ ಕಥೆಯಲ್ಲೂ ಹಳತಾಗುವುದಿಲ್ಲ.

ಆದರೆ ಟೀಚರ್ ಮಾತಿಗೆ ನಾನು ಸೋಲಲಿಲ್ಲ. ಆ ಹುಳದ ನೋವು ತಡೆದುಕೊಂಡವನನ್ನು ಸಾಕಿದ್ದು ರಾಧೆ ಅಲ್ವಾ, ಅಂದೆ. ಸೂತರ ಮನೆಯಲ್ಲಿ, ಕುದುರೆ ಲಾಯದ ಹತ್ತಿರ ಬೆಳೆದ ಹುಡುಗ ನೋವು ತಡೆಯುವುದನ್ನು ಅಲ್ಲೇ ಕಲಿತಿರಬಾರದಾ? ಅದಕ್ಕೆ ಕ್ಷತ್ರಿಯ ರಕ್ತವೇ ಬೇಕಾ? ಟೀಚರ್ ಮಿರ್ಚಿ ತಿರುವಿ ಹಾಕಿದರು. "ನಿನಗ ದೊಡ್ಡವ್ವನ ಗಾಳಿ ಹೊಡದದ" ಅಂದರು. ಪ್ಲೇಟಿನಲ್ಲಿ ಎರಡು ಮಿರ್ಚಿ ಹಾಕಿಕೊಟ್ಟರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಮಿರ್ಚಿ ಮಾತ್ರ ಖಾರ, ಕಣ್ಣಲ್ಲಿ ನೀರು.

ಈ ಪುಸ್ತಕ ಇಷ್ಟ ಆಯ್ತಾ ಇಲ್ಲವಾ ಅಂತ ಭಾನುವಾರ ಎಲ್ಲರೂ ಹೇಳಬೇಕು. ಇಷ್ಟ ಆಯ್ತು ಅಂತಲೇ ಹೇಳುತ್ತೇನೆ. ಲಿಯೋನಿ ಬಾಯಿ ತೆರೆದಾಗೆಲ್ಲ ನಗು ಬಂತು. ಅವಳು ಎದುರಾಡುವುದು, ಸಿಟ್ಟಾಗುವುದು, ಡ್ಯೂಕನ ತಮ್ಮನ ಜೊತೆ ಕಿತ್ತಾಡುವುದು, ಇದನ್ನೆಲ್ಲ ಬರೆಯುವುದು ಸುಲಭ ಅಲ್ಲ. ಬರೀ ಸಿದ್ಧಾಂತ ಹಿಡಿದು ಅದನ್ನು ಹೊಡೆದುಹಾಕುವುದು ನನಗೆ ಆಗುವುದಿಲ್ಲ. ಆದರೆ ಇಷ್ಟ ಆಯ್ತು ಅಂದಮೇಲೆ ಆ ಹುಡುಗನ ಮಾತು ತೆಗೆಯುತ್ತೇನೆ. ವೈನಿಗೆ ಅವನ ನೆನಪೂ ಇರಲಿಕ್ಕಿಲ್ಲ. ಎಲ್ಲರ ಎದುರು ಅವಮಾನ ಆಗಿದ್ದು ಅವನಿಗೂ ತಾನೇ? ಅಪ್ಪ ಅಂದುಕೊಂಡವನು ಅಪ್ಪ ಅಲ್ಲ, ಮನೆ ಅಂದುಕೊಂಡದ್ದು ಮನೆ ಅಲ್ಲ. ವೇಷ ಅಂತ ಗೊತ್ತೇ ಇಲ್ಲದೆ ವೇಷ ಹಾಕಿಕೊಂಡು ಓಡಾಡಿದ್ದಾನೆ ಪಾಪ. ಲಿಯೋನಿಗಾದರೂ ತಾನು ಹುಡುಗಿ ಅಂತ ಗೊತ್ತಿತ್ತು.

ಇನ್ನೊಬ್ಬಳಿದ್ದಾಳೆ. ಆ ರೈತನ ಹೆಂಡತಿ, ಮಾರಿ ಅಂತ ಅವಳ ಹೆಸರು. ಸಾಯುವಾಗ ಊರಿನ ಪಾದ್ರಿಗೆ ಎಲ್ಲ ಬರೆದುಕೊಟ್ಟು ಹೋದವಳು. ಅವಳ ಕಾಗದ ಇಲ್ಲದಿದ್ದರೆ ಡ್ಯೂಕನ ಸೇಡೂ ಇಲ್ಲ, ಮದುವೆಯೂ ಇಲ್ಲ. ಹೆತ್ತ ಮಗನನ್ನು ಕೊಟ್ಟು, ಬೇರೆಯವರ ಮಗಳನ್ನು ಎದೆಗೆ ಹಾಕಿಕೊಂಡವಳು. ಅವಳ ಬಗ್ಗೆ ಗುಂಪಿನಲ್ಲಿ ಒಬ್ಬರೂ ಸೊಲ್ಲೆತ್ತಿಲ್ಲ, ಪುಸ್ತಕದಲ್ಲೂ ಅವಳಿಗೆ ಸಿಕ್ಕ ಜಾಗ ಅಷ್ಟಕ್ಕಷ್ಟೇ. ಗಂಡ ದುಡ್ಡು ಎಣಿಸಿಕೊಳ್ಳುವಾಗ ಅವಳು ಎಲ್ಲಿ ನಿಂತಿದ್ದಳೋ. ನಾಳೆ ದೊಡ್ಡವ್ವನಿಗೆ ಅವಳ ಕಥೆ ಹೇಳಬೇಕು ಅಂದುಕೊಂಡಿದ್ದೇನೆ. ಹೇಳಿದರೆ ಅವರು ಖಂಡಿತ ಕೇಳುತ್ತಾರೆ, ಆಕಿ ಮಗನ್ನ ಮತ್ತ ನೋಡಿದ್ಲೇನು ಅಂತ. ಪುಸ್ತಕ ಮತ್ತೆ ತಿರುವಿ ನೋಡಬೇಕು, ಆದರೆ ಅದು ವೈನಿ ಮನೆಯಲ್ಲಿದೆ.