ಪಿನ್ 2 ಇಲ್ಲದ ಗ್ರಾಹಕ

ಜರ್ಮನಿಯ ಮ್ಯೂನಿಕ್‌ನ ಗ್ರಾಹಕರಿಗೆ ಕೊಟ್ಟ ಆ ಡೆಮೊ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾನು ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ, ಹದಿನಾಲ್ಕು ಜನರ ಒಂದು ಸ್ಟಾರ್ಟಪ್‌ನಲ್ಲಿ ಪ್ರಾಡಕ್ಟ್ ಮ್ಯಾನೇಜರ್. ಕ್ರೇನ್, ಜನರೇಟರ್ ಬಾಡಿಗೆಗೆ ಕೊಡುವ ಕಂಪನಿಗಳ ಒಪ್ಪಂದಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮದು. ಊರೊಳಗಿನ ಗ್ರಾಹಕರು ಬೇಗ ಬೇಗ ಬರುತ್ತಿದ್ದರು. ಒಂದು ವಾರದಲ್ಲಿ ಮೂರು ಕಂಪನಿಗಳು ಸಹಿ ಹಾಕಿದ್ದವು. ಇಲ್ಲಿ ಎಲ್ಲರ ಹತ್ತಿರವೂ ಸರ್ಕಾರ ಕೊಟ್ಟ ಚಿಪ್ ಇರುವ ಐಡಿ ಕಾರ್ಡ್ ಇದೆ, ಡಿಜಿಟಲ್ ಸಹಿಗೆ ಬಳಸುವ ಗುಪ್ತ ಸಂಖ್ಯೆ ಪಿನ್ 2 ಒತ್ತಿದರೆ ಕೆಲಸ ಮುಗಿಯಿತು.

ಡೆಮೊ ದಿನ ಸ್ಟೇಜಿಂಗ್‌ನಲ್ಲಿ, ಅಂದರೆ ನಮ್ಮ ಪರೀಕ್ಷಾ ಸರ್ವರ್‌ನಲ್ಲಿ, ಎಲ್ಲ ಸರಿಯಾಗಿತ್ತು. ಆ ಕಡೆ ನಾಲ್ಕು ಜನ, ಅವರಲ್ಲೊಬ್ಬರು ವಕೀಲೆ. ಇಪ್ಪತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಸಹಿಯ ಸ್ಕ್ರೀನ್ ಬಂತು. ಐಡಿ ಕಾರ್ಡ್, ಮೊಬೈಲ್ ಐಡಿ, ಸ್ಮಾರ್ಟ್ ಐಡಿ, ಮೂರೇ ಬಟನ್. ಮೂರೂ ಇಲ್ಲಿನವರು ಬಳಸುವ ಡಿಜಿಟಲ್ ಗುರುತುಗಳು.

"ನಮ್ಮ ಹತ್ತಿರ ಈ ಮೂರೂ ಇಲ್ಲವಲ್ಲ" ಎಂದರು ಆ ಕಡೆಯವರು.

ಅಲ್ಲೇ ನಿಲ್ಲಿಸಿ ಒಪ್ಪಿಕೊಳ್ಳಬೇಕಿತ್ತು. ನಾನು ನಿಲ್ಲಿಸಲಿಲ್ಲ. ನನ್ನ ಕಾರ್ಡ್ ಹಾಕಿ, ಪಿನ್ 2 ಒತ್ತಿ, ಸಹಿಯಾದ ಫೈಲನ್ನು ಅವರಿಗೆ ಕಳಿಸಿದೆ. ಅದು ಡಿಜಿಡಾಕ್ ಕಂಟೇನರ್, ಅಂದರೆ ಒಪ್ಪಂದವನ್ನೂ ಸಹಿಯನ್ನೂ ಒಟ್ಟಿಗೆ ಕಟ್ಟಿದ, ಎಸ್ಟೋನಿಯಾದಲ್ಲಿ ಬಳಸುವ ಬಗೆಯ ಫೈಲ್. ಅವರ ಕಂಪ್ಯೂಟರ್‌ನಲ್ಲಿ ತೆರೆಯಲೇ ಇಲ್ಲ. ಯಾರೂ ಮಾತಾಡಲಿಲ್ಲ. ಮೌಸ್ ಕ್ಲಿಕ್ಕಿನ ಸದ್ದು ಮಾತ್ರ ಕೇಳುತ್ತಿತ್ತು. ಆಗ ನಾನು ಕಾನೂನು ಹೇಳಲು ಶುರು ಮಾಡಿದೆ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ 2016ರಿಂದ ಇಂಥ ಸಹಿಯನ್ನು ಎಲ್ಲ ಸದಸ್ಯ ದೇಶಗಳೂ ಮಾನ್ಯ ಮಾಡಬೇಕು ಅಂತ ವಕೀಲೆಗೇ ಪಾಠ ಹೇಳಿದೆ. ನಾನು ಹೇಳಿದ್ದು ಸರಿಯೇ ಇತ್ತು. ಆದರೆ ತೆರೆಯದ ಫೈಲ್ ಮಾನ್ಯವಾದರೇನು, ಬಿಟ್ಟರೇನು? ಆಕೆ ಸಮಾಧಾನದಿಂದಲೇ ಕೇಳಿದರು: "ಕಾಗದದ ಮೇಲೆ ಸಹಿ ಹಾಕಿ ಅಂಚೆಯಲ್ಲಿ ಕಳಿಸಬಹುದಾ?" ನಮ್ಮ ಆಫೀಸಿನಲ್ಲಿ ಪ್ರಿಂಟರ್ ಇರಲಿಲ್ಲ.

ಇದಕ್ಕಿಂತ ಜಾಸ್ತಿ ಚುಚ್ಚುವ ವಿಷಯ ಬೇರೆ. ಎಲ್ಲ ಕಡೆ ತೆರೆಯುವ ಪಿಡಿಎಫ್ ಫೈಲ್‌ನಲ್ಲೇ ಸಹಿ ಬೇಕು ಅಂತ ನಮ್ಮ ಸೇಲ್ಸ್‌ನವನು ಎರಡು ತಿಂಗಳ ಹಿಂದೆಯೇ ಟಿಕೆಟ್ (ಕೆಲಸದ ಬೇಡಿಕೆ) ಹಾಕಿದ್ದ. ಅದನ್ನು ಬ್ಯಾಕ್‌ಲಾಗ್‌ಗೆ, ಆಮೇಲೆ ನೋಡೋಣ ಅನ್ನುವ ಪಟ್ಟಿಗೆ, ತಳ್ಳಿದ್ದು ನಾನೇ. ಮೊದಲು ಊರಲ್ಲಿ ಗೆಲ್ಲೋಣ, ಆಮೇಲೆ ಹೊರಗೆ ನೋಡೋಣ ಅನ್ನುವುದು ನಾನು ಬೆಂಗಳೂರಿನ ಕೆಲಸದಿಂದ ತಂದ ಲೆಕ್ಕ. ಅಲ್ಲಿ ಒಂದೇ ನಗರ ಹತ್ತು ವರ್ಷ ಹೊಟ್ಟೆ ತುಂಬಿಸುತ್ತದೆ. ಎಸ್ಟೋನಿಯಾದಲ್ಲಿ ಇಡೀ ದೇಶದ ಜನ ಸುಮಾರು 13 ಲಕ್ಷ. ಕ್ರೇನ್ ಬಾಡಿಗೆಗೆ ಕೊಡುವವರು ಎಷ್ಟು ಮಂದಿ ಸಿಕ್ಕಾರು?

ಇಲ್ಲಿ ಕಂಪನಿ ಶುರು ಮಾಡುವುದು ನಿಜವಾಗಿಯೂ ಸುಲಭ. ಆನ್‌ಲೈನ್‌ನಲ್ಲೇ ನೋಂದಣಿ ಆಗುತ್ತದೆ. 2000ದಿಂದ, ಕಂಪನಿಯೊಳಗೇ ಉಳಿಸಿದ ಲಾಭಕ್ಕೆ ತೆರಿಗೆ ಇಲ್ಲ, ಹೊರಗೆ ಹಂಚಿದಾಗ ಮಾತ್ರ. 1996ರಲ್ಲೇ ಶಾಲೆಗಳಿಗೆ ಕಂಪ್ಯೂಟರ್, ಇಂಟರ್ನೆಟ್ ಕೊಡುವ ಯೋಜನೆ ಶುರುವಾಗಿತ್ತು. ಹದಿನೈದು ವರ್ಷದ ಮಕ್ಕಳಿಗೆ ನಡೆಯುವ ಅಂತರರಾಷ್ಟ್ರೀಯ ಪಿಸಾ ಪರೀಕ್ಷೆಯಲ್ಲಿ ಇಲ್ಲಿನ ಮಕ್ಕಳು ಯುರೋಪಿನಲ್ಲೇ ಮುಂದೆ. ಹಾಗಾಗಿ ಕೋಡ್ ಬರೆಯುವವರಿಗೆ, ಹೊಸದನ್ನು ಬಳಸಿ ನೋಡುವ ಗ್ರಾಹಕರಿಗೆ ಕೊರತೆ ಕಾಣಲಿಲ್ಲ. ಈ ಸುಲಭವೇ ನನ್ನ ಕಣ್ಣು ಕಟ್ಟಿತು. ಇಲ್ಲಿಂದ ದೊಡ್ಡದಾಗಿ ಬೆಳೆದವರೆಲ್ಲ ಬೇಗನೆ ಗಡಿ ದಾಟಿದವರು. 2003ರಲ್ಲಿ ಬಂದ ಸ್ಕೈಪ್‌ನ ಕೋಡ್ ಬರೆದವರು ಎಸ್ಟೋನಿಯಾದವರು. ದೇಶದಿಂದ ದೇಶಕ್ಕೆ ಹಣ ಕಳಿಸುವ ವೈಸ್ ಅನ್ನು ಇಬ್ಬರು ಎಸ್ಟೋನಿಯನ್ನರು ಶುರು ಮಾಡಿದ್ದೇ ಲಂಡನ್ನಿನಲ್ಲಿ. ಮಾರ್ಕುಸ್ ವಿಲ್ಲಿಗ್ 2013ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ ಟ್ಯಾಲಿನ್‌ನಲ್ಲಿ ಕಟ್ಟಿದ ಟ್ಯಾಕ್ಸಿ ಆ್ಯಪ್ ಬೋಲ್ಟ್ ಈಗ ಹತ್ತಾರು ದೇಶಗಳಲ್ಲಿದೆ.

ಮ್ಯಾನೇಜ್‌ಮೆಂಟ್ ಮೇಲೂ ನನಗೆ ಸಿಟ್ಟಿದೆ. ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ "ಸಹಿಯಾದ ಒಪ್ಪಂದಗಳು" ಅಂತ ಒಂದೇ ಸಂಖ್ಯೆ, ಯಾವ ದೇಶದ್ದು ಅಂತ ಇಲ್ಲ. ಅದು ಏರುತ್ತಿದ್ದರೆ ಎಲ್ಲರಿಗೂ ಖುಷಿ. ದೇಶದ ಕಾಲಂ ಹಾಕಿಸಲು ನಾನು ಮೂರು ರೆಟ್ರೊಗಳಲ್ಲಿ (ಮುಗಿದ ಕೆಲಸವನ್ನು ತಂಡ ಹಿಂದಿರುಗಿ ನೋಡುವ ಸಭೆ) ಜಗಳ ಆಡಬೇಕಾಯಿತು. ಹಾಕಿದ ದಿನ ಕಂಡಿದ್ದು: ಎಸ್ಟೋನಿಯಾ ಬಿಟ್ಟರೆ ಎಲ್ಲ ಕಡೆ ಸೊನ್ನೆ.

ಪಿಡಿಎಫ್ ಸಹಿಯ ಟಿಕೆಟ್ ಮುಗಿಸಲು ಹಿಡಿದದ್ದು ಎಂಟು ದಿನ. ಮ್ಯೂನಿಕ್‌ನವರು ಆಮೇಲೆ ನಮ್ಮ ಮೇಲ್‌ಗೆ ಉತ್ತರ ಕೊಡಲಿಲ್ಲ. ಈಗ ಪ್ರತಿ ಡೆಮೊಗೆ ಮುಂಚೆ ಕಾರ್ಡ್ ರೀಡರನ್ನು ಡ್ರಾಯರ್‌ಗೆ ಹಾಕಿ, ಎಸ್ಟೋನಿಯಾದ ಯಾವ ಐಡಿಯೂ ಇಲ್ಲದವರ ಹಾಗೆ ಮೊದಲ ಸ್ಕ್ರೀನ್‌ನಿಂದ ಸಹಿಯವರೆಗೆ ನಾನೇ ಒಮ್ಮೆ ಹೋಗಿ ಬರುತ್ತೇನೆ.