‘ಅ’ ಬೇಡ ಮಾರಾಯ

1978ರಲ್ಲಿ ನಾನು ಒಂಬತ್ತನೇ ಕ್ಲಾಸು. ಕಾಸರಗೋಡು ಆಗಿನ್ನೂ ಕಣ್ಣೂರು ಜಿಲ್ಲೆಯ ಒಂದು ತಾಲೂಕು. ಆ ವರ್ಷ ನಮ್ಮ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಬೆಂಚು ಹೊರುವುದು, ಅಜ್ಜ ಅಜ್ಜಿಯಂದಿರನ್ನು ಕೈಹಿಡಿದು ಸಾಲಿಗೆ ತರುವುದು ನಮ್ಮ ಕೆಲಸ. ಗೋಡೆಗೆ ತೂಗಹಾಕಿದ ಪಟದಲ್ಲಿ ಇದ್ದದ್ದು ಮಲಯಾಳದ ಅಕ್ಷರ. ನಾನು ಕರೆತಂದ ಅಜ್ಜಿ ಮಳೆಗಾಲವಿಡೀ ಭಾರತ ಓದುವವರು. ಮೊದಲ ಸಾಲಿಗೇ ಸುಮ್ಮನಾದರು. ‘ಕಾಣುವುದಿಲ್ಲ’ ಎಂದು ಬರೆದುಕೊಳ್ಳಲು ಹೊರಟವರಿಗೆ, “ಕಾಣ್ತದೆ ಮಗಾ. ಅದು ನಮ್ಮ ಅಕ್ಷರ ಅಲ್ಲ” ಎಂದರು.

ಮಾರನೆಯ ದಿನವೇ ಕನ್ನಡದ ಪಟ ಬರೆಯಲು ಡ್ರಾಯಿಂಗ್ ಮಾಷ್ಟ್ರು ಡ್ರಾಯಿಂಗ್ ಶೀಟು ತೆಗೆದರು. ಲೆಕ್ಕ ಡಾಕ್ಟರು ಹೇಳಿಕೊಟ್ಟದ್ದು: ಒಳ್ಳೆಯ ಕಣ್ಣು 60 ಮೀಟರ್ ದೂರದಿಂದ ಓದಬೇಕಾದ ಅಕ್ಷರದ ಎತ್ತರ ಸುಮಾರು 87 ಮಿಲಿಮೀಟರ್, 6 ಮೀಟರಿನದ್ದು ಅದರ ಹತ್ತನೇ ಒಂದು. 1862ರಲ್ಲಿ ಹಾಲೆಂಡಿನ ಸ್ನೆಲೆನ್ ಮಾಡಿಟ್ಟ ಅಳತೆ ಇದೆಂದು ನನಗೆ ಗೊತ್ತಾದದ್ದು ಮಂಗಳೂರಿಗೆ ಓದಲು ಹೋದ ಮೇಲೆ. ಗಣಿತದ ಮಾಷ್ಟ್ರು ಜಗಲಿಯಲ್ಲಿ ಹಗ್ಗ ಹಿಡಿದು 6 ಮೀಟರ್ ಅಳೆದು ಸುಣ್ಣದ ಗೀಟು ಹಾಕಿದರು. ನಾನು ಉತ್ಸಾಹದಲ್ಲಿ ಮೇಲ್ಗಡೆ ದೊಡ್ಡದಾಗಿ ‘ಅ’ ಬರೆಯಲು ಕೂತೆ.

“ಅ ಬೇಡ ಮಾರಾಯ. ಮೊದಲನೆಯದು ಅ ಅಂತ ಕಣ್ಣು ಮುಚ್ಚಿಕೊಂಡೂ ಹೇಳ್ತಾರೆ.”

‘ಮ’ ಬರೆದೆವು. ಪಟದಲ್ಲಿ ತಪ್ಪುಗಳಿದ್ದವು. ಕೆಳಗಿನ ಸಾಲಲ್ಲಿ ದ, ಧ ಒತ್ತಟ್ಟಿಗೆ ಇಟ್ಟಿದ್ದೆವು. ಅಷ್ಟು ಸಣ್ಣ ಅಕ್ಷರದಲ್ಲಿ ಹೊಟ್ಟೆ ಸೀಳಿದೆಯೋ ಇಲ್ಲವೋ ಒಳ್ಳೆಯ ಕಣ್ಣಿಗೂ ಗೊತ್ತಾಗದು. ಆದರೂ ಅಜ್ಜಿ ಆ ಪಟದಲ್ಲಿ ಮೂರು ಸಾಲು ಇಳಿದರು. ಆಮೇಲೆ ಪೊರೆ ತೆಗೆಸಿಕೊಂಡು ಸೋಡಾ ಬಾಟ್ಲಿ ತಳದಂಥ ಕನ್ನಡಕ ಹಾಕಿ ಬಂದರು. ಅದರಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿದ್ದುದರಿಂದ ಮೆಟ್ಟಿಲಿಳಿಯುವಾಗ ನನ್ನ ಹೆಗಲು ಬೇಕಾಗುತ್ತಿತ್ತು. ಕಣ್ಣೊಳಗೇ ಮಸೂರ ಕೂರಿಸುವುದು ನಮ್ಮ ಕಡೆ ಬರಲು ಇನ್ನೂ ಕಾಲವಿತ್ತು.

ಕಣ್ಣಿನ ಡಾಕ್ಟರಾದೆ, ಪಾಠ ಹೇಳಿದೆ. ಕೊನೆಗೆ ಕುಲಪತಿಯ ಕುರ್ಚಿ. ಅಲ್ಲಿ ಕಣ್ಣಿಗಿಂತ ಕಡತ ಜಾಸ್ತಿ. ಹೇಳಿಕೊಳ್ಳುವಂಥದ್ದು ಅಲ್ಲಿ ಒಂದೇ ಮಾಡಿದ್ದೇನೆ. ಪ್ರಾಕ್ಟಿಕಲ್ ಪರೀಕ್ಷೆಗೆ ವರ್ಷವೂ ಅದದೇ ರೋಗಿಗಳನ್ನು ಕರೆಸುತ್ತಿದ್ದರು. ಯಾವ ಹಾಸಿಗೆಯಲ್ಲಿ ಯಾವ ಕಾಯಿಲೆ ಎಂಬುದು ಹಿಂದಿನ ರಾತ್ರಿಯೇ ಹಾಸ್ಟೆಲಿಗೆ ತಲುಪುತ್ತಿತ್ತು. ರೋಗಿಗಳನ್ನು ಪರೀಕ್ಷೆಯ ಬೆಳಿಗ್ಗೆಯೇ ಚೀಟಿ ಎತ್ತಿ ಆರಿಸಬೇಕೆಂದು ಆದೇಶ ಮಾಡಿದೆ. ಪ್ರೊಫೆಸರುಗಳು ಗೊಣಗಿದರು. ಇಷ್ಟು ಸಣ್ಣ ವಿಷಯಕ್ಕೆ ಮೂರು ಮೀಟಿಂಗು!

ಮೊದಲ ಬಾರಿ ಹಾಗೆ ನಡೆದ ದಿನ ನಾನೂ ಹೋಗಿ ಮೂಲೆಯಲ್ಲಿ ಕೂತೆ. ಒಬ್ಬ ಹುಡುಗ ಬಂದ, ಟಾರ್ಚು ಕಿಸೆಯಲ್ಲೇ ಇತ್ತು. ಹಾಸಿಗೆಯ ನಂಬರು ನೋಡಿ, “ಸರ್, ಬಲಗಣ್ಣಲ್ಲಿ ಪೊರೆ, ಚೆನ್ನಾಗಿ ಬಲಿತಿದೆ” ಎಂದ.

ಹಾಸಿಗೆಯ ಮೇಲಿದ್ದ ಅಜ್ಜ ನಕ್ಕುಬಿಟ್ಟರು. ಅವರ ಬಲಗಣ್ಣು ಕೃತಕದ್ದು.