ಕೆಳಗೆ ಅಂಗಡಿ, ಮೇಲೆ ಮನೆ

ಬೆಳೀತಿರೋ ಬಡಾವಣೆಗೆ ಅಂಗಡಿ-ಮನೆ ಸೇರಿದ ಸಂಕೀರ್ಣದ ನಕ್ಷೆ ಹಾಕುವಾಗ ಹೆಚ್ಚಿನವರು ಎಡವೋದು ಹೊಗೆ ಕೊಳವೆಯಲ್ಲಿ. ನೆಲಮಹಡಿಯಿಂದ ತಾರಸಿವರೆಗೆ ಎಕ್ಸಾಸ್ಟ್ ಡಕ್ಟ್‌ಗೆ ಮೊದಲೇ ಜಾಗ ಬಿಡದಿದ್ದರೆ ಅಲ್ಲಿ ಹೋಟೆಲ್ ಬರೋ ಹಾಗೇ ಇಲ್ಲ. ಬಂದರೆ ಕರಿದ ಎಣ್ಣೆಯ ಘಾಟು ಮೇಲಿನವರ ಮಲಗುವ ಕೋಣೆಗೆ. ಗ್ರೀಸ್ ಟ್ರ್ಯಾಪ್ (ನೀರಿನಲ್ಲಿರೋ ಎಣ್ಣೆ-ಜಿಡ್ಡು ಹಿಡಿದಿಡೋ ತೊಟ್ಟಿ) ಕೂಡ ಅಷ್ಟೇ: ಹೋಟೆಲಿನ ನೀರು ಮನೆಗಳ ಒಳಚರಂಡಿ ಪೈಪ್ ಸೇರುವ ಮುಂಚೆಯೇ ಇರಬೇಕು.

ಅಂಗಡಿ ಮಹಡಿಗೆ 4.5 ಮೀಟರ್ ಎತ್ತರ ಕೊಡಿ. 3 ಮೀಟರ್‌ನಲ್ಲಿ ತೊಲೆ, ಡಕ್ಟ್, ಬೆಂಕಿ ಆರಿಸೋ ಸ್ಪ್ರಿಂಕ್ಲರ್ ಪೈಪು ಕಳೆದರೆ ಉಳಿಯೋದೇನು? ಕಂಬಗಳ ಅಂತರ ಸುಮಾರು 8.1 ಮೀಟರ್ ಇದ್ದರೆ ಬೇಸ್‌ಮೆಂಟಲ್ಲಿ ನಡುವೆ ಮೂರು ಕಾರು ಹಿಡಿಯುತ್ತವೆ. ಅದೇ ಕಂಬಗಳು ಮೇಲೆ ಮನೆಯ ಗೋಡೆಗೆ ಹೊಂದದಿದ್ದರೆ ಮೇಲಿನ ಭಾರವನ್ನು ಕೆಳಗಿನ ಕಂಬಗಳಿಗೆ ದಾಟಿಸೋ ದೊಡ್ಡ ತೊಲೆ, ಅಂದರೆ ಟ್ರಾನ್ಸ್‌ಫರ್ ಬೀಮ್ ಬೇಕು, ಖರ್ಚು ಕೇಳಲೇಬೇಡಿ!

ಮನೆಯವರ ಲಿಫ್ಟ್ ಬೇರೆ, ಸರಕು ಇಳಿಸೋ ಜಾಗ ಬೇರೆ. ಬೆಳೀತಿರೋ ಬಡಾವಣೆಯಲ್ಲಿ ಗಿರಾಕಿ ನಿಧಾನಕ್ಕೆ ಬರ್ತಾರೆ, ಹಾಗಾಗಿ ಎಲ್ಲ ಬದಿಗೂ ಮಳಿಗೆ ಹಾಕದೆ ಬಸ್ ನಿಲ್ದಾಣದ ಕಡೆಯ ಮೂಲೆಯಿಂದ ಶುರು ಮಾಡಿ.